‘ಅರಳುಮರಳು’ ಎಂಬ ಮಾತಿನ ಮರೆಯಲ್ಲಿ



ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಬಳಗಕ್ಕೆ ಒಂದು ನಿಮಿಷದ ವಿಡಿಯೋ ಒಂದು ಬಂದಿತು. ನಮ್ಮ ಭಾಗದ ಒಂದು ಮನೆಯ ಪಡಸಾಲೆ. ಎಂಬತ್ತು ದಾಟಿದ ಹಿರಿಯರೊಬ್ಬರು ಹೊರಸಿನ ಮೇಲೆ ಕುಳಿತಿದ್ದಾರೆ. ಮೊಬೈಲು ಹಿಡಿದ ಹುಡುಗ ಕೇಳುತ್ತಾನೆ: “ಮುತ್ಯಾ, ನಾ ಯಾರು ಹೇಳು?” ಹಿರಿಯರು ತಡವರಿಸಿ ಯಾವುದೋ ಹೆಸರು ಹೇಳುತ್ತಾರೆ. ಅದು ಎಂದೋ ತೀರಿಹೋದ ಅವರ ತಮ್ಮನ ಹೆಸರಂತೆ. ಸುತ್ತಲೂ ನಗು. “ಮಧ್ಯಾಹ್ನ ಏನ್ ಉಂಡಿ?” ಉತ್ತರವಿಲ್ಲ. ಮತ್ತೆ ನಗು. “ಆಯಿ ಎಲ್ಲಿ ಹೋಗ್ಯಾಳ?” “ಹೊಲಕ್ಕ ಹೋಗ್ಯಾಳ, ಬರ್ತಾಳ.” ಆ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಈ ಸಲದ ನಗು ಎಲ್ಲಕ್ಕಿಂತ ದೊಡ್ಡದು. ಅದರ ಕೆಳಗೊಂದು ತಲೆಬರಹ: ‘ಅರವತ್ತಕ್ಕೆ ಅರಳು ಮರಳು’. ಅದರ ಕೆಳಗೆ ಇಪ್ಪತ್ತಮೂರು ನಗುಮುಖಗಳು. ನಾನು ಒಂದೊಂದನ್ನೂ ಎಣಿಸಿದೆ. ಅವುಗಳಲ್ಲಿ ಒಂದು ಇಂದು ಶಾಲಾ ಶಿಕ್ಷಕನಾಗಿರುವ ನನ್ನ ಶಿಷ್ಯನದು.

ಆ ದಿನ ನಾನು ಬಳಗದಲ್ಲಿ ಏನೂ ಬರೆಯಲಿಲ್ಲ. ಬೈಯಲು ಕೈ ಬರಲಿಲ್ಲ ಎಂದಲ್ಲ, ಬೈಯುವ ಅಧಿಕಾರ ನನಗಿದೆಯೇ ಎಂಬ ಅಳುಕು. ಏಕೆಂದರೆ ಆ ಹುಡುಗ ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಮೊಬೈಲು ಒಂದಿರಲಿಲ್ಲ, ಅಷ್ಟೇ. ಆದ್ದರಿಂದ ಈ ಬರಹವನ್ನು ಯಾರೂ ಉಪದೇಶವೆಂದು ಓದಬಾರದು. ಇದು ಮೊದಲು ನನ್ನ ಮೇಲಿನ ಆರೋಪಪಟ್ಟಿ, ನಂತರ ನಿಮ್ಮ ಮೇಲಿನದು.

ನಮ್ಮ ಅವ್ವನಿಗೆ ಮರೆವು ಆರಂಭವಾದದ್ದು 2007ರ ಸುಮಾರಿಗೆ. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ದೇವರ ಮನೆಯ ಬೀಗದ ಕೈ, ಆಮೇಲೆ ನೆರೆಮನೆಯವರ ಹೆಸರುಗಳು. 2009ರ ಹೊತ್ತಿಗೆ ಒಮ್ಮೊಮ್ಮೆ ನಾನೇ ಯಾರೆಂದು ತಿಳಿಯುತ್ತಿರಲಿಲ್ಲ. ನಾನು ಮೇಷ್ಟ್ರು. ಮರೆತವರಿಗೆ ಪ್ರಶ್ನೆ ಕೇಳಿ ನೆನಪಿಸಬೇಕು ಎಂಬುದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಶಾಲೆಯಿಂದ ಬಂದವನೇ ಅವಳ ಮುಂದೆ ಕುಳಿತು ಪರೀಕ್ಷೆ ನಡೆಸುತ್ತಿದ್ದೆ. ಇಂದು ಯಾವ ವಾರ? ನನ್ನ ಹೆಸರೇನು? ನಿನಗೆ ಮಕ್ಕಳೆಷ್ಟು? ಉತ್ತರ ತಪ್ಪಿದರೆ ದನಿ ಏರುತ್ತಿತ್ತು. “ಈಗಷ್ಟೇ ಹೇಳೀನಲ್ಲಬೇ, ಎಷ್ಟ್ ಸಲ ಹೇಳಬೇಕು ನಿನಗ?” ಬಂದ ಅತಿಥಿಗಳ ಮುಂದೆಯೂ ಈ ಪ್ರದರ್ಶನ ನಡೆಯುತ್ತಿತ್ತು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ಪಾಠ ಒಪ್ಪಿಸಲಾಗದ ಮಗು ಹಾಗೆ ನಿಲ್ಲುವುದನ್ನು ನಾನು ಮೂವತ್ತು ವರ್ಷ ಕಂಡವನು. ಆದರೂ ನನ್ನ ತಾಯಿಯಲ್ಲಿ ಅದನ್ನು ಗುರುತಿಸಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಅವ್ವ 1948ರಲ್ಲಿ ಹನ್ನೆರಡು ವರ್ಷದವಳು. ನಮ್ಮದು ನಿಜಾಮರ ಸೀಮೆ. ಭೀಮೆಯ ಆಚೆ ದಂಡೆ ಬಿಜಾಪುರ ಜಿಲ್ಲೆ, ಅಂದಿನ ಮುಂಬಯಿ ಪ್ರಾಂತ. ರಜಾಕಾರರ ಹಾವಳಿಯ ದಿನಗಳಲ್ಲಿ ನಮ್ಮ ಈಚೆ ದಂಡೆಯ ಎಷ್ಟೋ ಕುಟುಂಬಗಳಂತೆ ಅವಳ ತವರಿನವರೂ ಒಂದು ರಾತ್ರಿ ಹೊಳೆ ದಾಟಿ ಹೋಗಿದ್ದರು. ಆ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಮರಳಿದರು. ಅರವತ್ತು ವರ್ಷ ಆ ಮಾತನ್ನು ಆಡದಿದ್ದ ಅವ್ವ ಕಾಯಿಲೆಯಲ್ಲಿ ದಿನವೂ ಅದೇ ರಾತ್ರಿಗೆ ಹೋಗಿ ನಿಲ್ಲುತ್ತಿದ್ದಳು. ಸಂಜೆ ಕತ್ತಲಾಗಿ ಓಣಿಯಲ್ಲಿ ಮೋಟರ್ ಸೈಕಲ್ ಸದ್ದಾದರೆ ಸಾಕು, ಗಂಟು ಕಟ್ಟುವಳು. “ಬಂದ್ರು, ದೀಪ ಆರಸ್ರಿ. ಹೊಳಿ ದಾಟಬೇಕು, ನಡೀರಿ.” ಮನೆಯ ಮಕ್ಕಳಿಗೆ ಇದೊಂದು ಆಟವಾಯಿತು. ಹಗಲಿನಲ್ಲೇ ಬಾಗಿಲ ಮರೆಯಿಂದ “ಅಜ್ಜೀ, ರಜಾಕಾರ ಬಂದ್ರು!” ಎಂದು ಕೂಗಿ ಅವಳು ಬೆದರುವುದನ್ನು ಕಂಡು ನಗುತ್ತಿದ್ದರು. ಚರಿತ್ರೆ ಪಾಠ ಮಾಡುವ ನಾನು ಪಡಸಾಲೆಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಒಮ್ಮೊಮ್ಮೆ ನಾನೂ ನಕ್ಕಿದ್ದೇನೆ.

ಇದಕ್ಕೆ ಹೆಸರೇನು? ಯಾರೂ ಅವ್ವನ ಮೇಲೆ ಕೈ ಮಾಡಿರಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ನೆನೆಸಿ ಉಣಿಸುತ್ತಿದ್ದೆವು, ಮಡಿ ಬಟ್ಟೆ ಉಡಿಸುತ್ತಿದ್ದೆವು, ಔಷಧ ತರುತ್ತಿದ್ದೆವು. ಊರವರು ನಮ್ಮ ಸೇವೆಯನ್ನು ಹೊಗಳುತ್ತಿದ್ದರು. ಆದರೂ ಇದು ಹಿಂಸೆಯೇ. ಮಾನಸಿಕ ಹಿಂಸೆ ಎಂಬ ಅದರ ನಿಜವಾದ ಹೆಸರನ್ನು ಹೇಳದೆ ಅದನ್ನು ನಿಲ್ಲಿಸಲಾಗದು. ಹೆಸರು ಹೇಳದಂತೆ ನಮ್ಮನ್ನು ತಡೆದಿರುವುದು ‘ಅರಳುಮರಳು’ ಎಂಬ ಆ ಒಂದು ಮಾತು. ಆ ಮಾತು ಕಾಯಿಲೆಯನ್ನು ವಯಸ್ಸಿನ ಗುಣವೆಂದು ಮಾಡಿತು, ವಯಸ್ಸಿನ ಗುಣವನ್ನು ತಮಾಷೆ ಮಾಡಿತು. ತಮಾಷೆಯಾದ ಮೇಲೆ ಅಲ್ಲಿ ಅಪರಾಧಿಯೂ ಇಲ್ಲ, ನೊಂದವರೂ ಇಲ್ಲ. ಬೇಂದ್ರೆಯವರು ಅರವತ್ತರ ಹೊಸ್ತಿಲಲ್ಲಿ ತಮ್ಮ ಕಾವ್ಯಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕವಿಗೆ ಅದು ಮರಳಿ ಅರಳುವ ಮಾತು. ನಮ್ಮ ಮನೆಗಳಲ್ಲಿ ಅದು ಮುದುಕರ ಬಾಯಿ ಮುಚ್ಚಿಸುವ ಮಾತು.

ಅರವತ್ತಾದವರೆಲ್ಲ ಮರೆಯುವುದಿಲ್ಲ. ಡಿಮೆನ್ಶಿಯಾ ಎಂಬುದು ಮಿದುಳಿನ ಕಾಯಿಲೆ. ಅದರ ಅತಿ ಸಾಮಾನ್ಯ ರೂಪವನ್ನು 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಝೈಮರ್ ಮೊದಲು ವಿವರಿಸಿದರು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ‘ಇದೆಲ್ಲ ಬೆಂಗಳೂರಿನವರ ರೋಗ’ ಎನ್ನುವವರು ಇದನ್ನು ಎರಡು ಸಲ ಓದಬೇಕು.

ಕಾಯಿಲೆಯ ರೀತಿಯನ್ನು ಅರಿತರೆ ನಮ್ಮ ಅರ್ಧ ಸಿಟ್ಟು ಇಳಿಯುತ್ತದೆ. ಸಾಮಾನ್ಯವಾಗಿ ಮೊದಲು ಕೆಡುವುದು ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗ. ಆದ್ದರಿಂದಲೇ ಇಂದು ಉಂಡದ್ದು ಮರೆಯುತ್ತದೆ, ಬಾಲ್ಯದ ಹೊಳೆ ನೆನಪಿರುತ್ತದೆ. ಹತ್ತು ಸಲ ಕೇಳಿದ ಪ್ರಶ್ನೆಯನ್ನು ಅವರು ಹನ್ನೊಂದನೆಯ ಸಲ ಕೇಳುವುದು ನಮ್ಮನ್ನು ಕಾಡಲಿಕ್ಕಲ್ಲ. ಅವರ ಪಾಲಿಗೆ ಅದು ಪ್ರತಿಸಲವೂ ಮೊದಲನೆಯ ಸಲ. “ಬೇಕಂತಲೇ ಮಾಡ್ತಾಳ” ಎಂದು ನಾವೆಲ್ಲರೂ ಎಂದಿದ್ದೇವೆ. ಬೇಕೆಂದು ಮಾಡುವುದಕ್ಕೆ ಬೇಕಾದ ನೆನಪೇ ಅವರಲ್ಲಿಲ್ಲ.

ಹೀಗೆ ಹೇಳಿದಾಗ ಒಬ್ಬ ಬಂಧುವು, “ಹಾಗಾದರೆ ನಾವು ಬೈದದ್ದೂ ಮರೆಯುತ್ತಾರಲ್ಲ, ಅದರಿಂದೇನು ಹಾನಿ?” ಎಂದರು. ಈ ವಾದ ನಮ್ಮ ಎಲ್ಲರ ಮನಸ್ಸಿನಲ್ಲೂ ಇದೆ, ಅವರು ಬಾಯಿಬಿಟ್ಟು ಹೇಳಿದರು. ಇದು ಸುಳ್ಳೆಂದು ತೋರಿಸಿದವರಿದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಲ್ಝೈಮರ್ಸ್ ಇದ್ದವರಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ಅವರು ನೋಡಿದ್ದನ್ನು ಮರೆತರು. ಆದರೆ ಆ ದುಃಖ, ಆ ಸಂತೋಷ ಅವರಲ್ಲಿ ಉಳಿದೇ ಇತ್ತು. ಇದರ ಅರ್ಥ ನೋಡಿ. ನಾವು ಬೆಳಿಗ್ಗೆ ಬೈಯುತ್ತೇವೆ, ಅವರು ಬೈಗುಳವನ್ನು ಮರೆಯುತ್ತಾರೆ, ಬೈಗುಳದ ನೋವು ಮಾತ್ರ ಕಾರಣವಿಲ್ಲದೆ ಒಳಗೆ ಕುಳಿತಿರುತ್ತದೆ. ಕಾರಣ ತಿಳಿದ ನೋವಿಗೆ ಸಮಾಧಾನವಿದೆ. ಕಾರಣ ಮರೆತ ನೋವಿಗೆ ಏನಿದೆ? ಮಧ್ಯಾಹ್ನ ಅವ್ವ ಸುಮ್ಮಸುಮ್ಮನೆ ಅಳುತ್ತಿದ್ದಳು ಎಂದು ನಾನು ವೈದ್ಯರ ಮುಂದೆ ಹೇಳಿದ್ದುಂಟು. ಬೆಳಗಿನ ನನ್ನ ಪರೀಕ್ಷೆಯ ಮಾತನ್ನು ಹೇಳಲಿಲ್ಲ.

ಈ ಹಿಂಸೆಗೆ ರೂಪಗಳು ಹಲವು. ಸತ್ತವರನ್ನು ಕೇಳಿದಾಗಲೆಲ್ಲ “ಅವರು ಸತ್ತು ಹೋಗ್ಯಾರ, ತಿಳೀತಿಲ್ಲೇನು?” ಎಂದು ಹೇಳಿ ದಿನಕ್ಕೆ ನಾಲ್ಕು ಸಲ ಹೊಸದಾಗಿ ವಿಧವೆ ಮಾಡುವುದು. “ಸುಮ್ಮ ಕೂಡದಿದ್ರ ಗಾಣಗಾಪುರಕ್ಕ ಬಿಟ್ಟು ಬರ್ತೀವಿ” ಎಂದು ಹೆದರಿಸುವುದು. ದತ್ತನ ಕ್ಷೇತ್ರ ನಮ್ಮ ತಾಲ್ಲೂಕಿನಲ್ಲೇ ಇದೆ. ಶ್ರದ್ಧೆಯಿಂದ ಕರೆದೊಯ್ದು ದರ್ಶನ ಮಾಡಿಸುವುದು ಬೇರೆ, ಆ ಹೆಸರನ್ನೇ ಬೆದರಿಕೆ ಮಾಡುವುದು ಬೇರೆ. ಎದುರಿಗೇ ಕುಳಿತವರ ಬಗ್ಗೆ ಅವರು ಅಲ್ಲಿ ಇಲ್ಲವೇ ಇಲ್ಲವೆಂಬಂತೆ “ಅಕಿಗಿ ಏನೂ ತಿಳಿಯಲ್ಲ ಬಿಡ್ರಿ” ಎಂದು ಮಾತಾಡುವುದು. ನೆಂಟರು ಬಂದಾಗ ಒಳಕೋಣೆಗೆ ದೂಡಿ ಚಿಲಕ ಹಾಕುವುದು. ಮೂರು ದಿನ ಮಾತು ಬಿಡುವುದು. ಬಟ್ಟೆಯಲ್ಲಿ ಹೊಲಸಾದರೆ ಓಣಿಗೆ ಕೇಳುವಂತೆ ಚೀರುವುದು. ಇವುಗಳಲ್ಲಿ ಒಂದನ್ನೂ ಮಾಡದ ಮನೆ ಇದ್ದರೆ ಆ ಮನೆಗೆ ನನ್ನ ಶರಣು.

‘ನಮ್ಮ ಸಂಸ್ಕೃತಿಯಲ್ಲಿ ಇದಿಲ್ಲ’ ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿ ಸಾಕಾಗಿದೆ. ಅರವತ್ತು ದಾಟಿದ ಆರು ಜನರಲ್ಲಿ ಒಬ್ಬರು ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆಂದೂ ಅದರಲ್ಲಿ ಮಾನಸಿಕ ಹಿಂಸೆಯೇ ಅತಿ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಡಿಮೆನ್ಶಿಯಾ ಇದ್ದವರನ್ನು ಮನೆಯಲ್ಲಿ ನೋಡಿಕೊಳ್ಳುವ 220 ಬಂಧುಗಳನ್ನು ವಿಚಾರಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಜನ ತಾವು ಯಾವುದೋ ಬಗೆಯ ದುರ್ವರ್ತನೆ ಮಾಡಿದ್ದೇವೆಂದು ತಾವೇ ಒಪ್ಪಿಕೊಂಡರು. ಅದರಲ್ಲಿ ಹೊಡೆತ ಬಡಿತ ತೀರ ಕಡಿಮೆ, ಚೀರಾಟ ಬೈಗುಳಗಳೇ ಬಹುಪಾಲು. ಅವರು ಒಪ್ಪಿಕೊಂಡರು, ನಾವು ಶ್ರವಣಕುಮಾರನ ಕಥೆ ಹೇಳುತ್ತೇವೆ. ನಮಗೂ ಅವರಿಗೂ ಇರುವ ವ್ಯತ್ಯಾಸ ಇದೇ ಇರಬಹುದು.

2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಲನಚಿತ್ರ ಬಂದಾಗ ಅನಂತ್ ನಾಗ್ ಅವರ ಪಾತ್ರವನ್ನು ಕಂಡು ಅತ್ತೆವೆಂದು ನಿಮ್ಮಲ್ಲಿ ಅನೇಕರು ನನಗೆ ಹೇಳಿದ್ದಿರಿ. ಮರೆವಿನ ತಂದೆಯ ಮೇಲೆ ಸಿಡುಕುವ ಮಗ, ಆಮೇಲೆ ಕಳೆದುಹೋದ ತಂದೆಗಾಗಿ ಬೀದಿ ಬೀದಿ ಅಲೆಯುತ್ತಾನೆ. ಪರದೆಯ ಮೇಲಿನ ತಂದೆಗೆ ಕಣ್ಣೀರು, ಪಡಸಾಲೆಯ ಮುತ್ಯಾನಿಗೆ ನಗುಮುಖ. ಇದು ಯಾವ ನ್ಯಾಯ?

ಇಷ್ಟು ಬೈದ ಮೇಲೆ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ಹಿಂಸೆಯನ್ನು ಮಾಡುವವರು ರಾಕ್ಷಸರಲ್ಲ. ಹೆಚ್ಚಿನ ಸಲ ಮಾಡುವವರೇ ಸೇವೆ ಮಾಡುವವರು. ನಮ್ಮ ಮನೆಯಲ್ಲಿ ಅವ್ವನ ಮೈ ತೊಳೆದು, ಬಟ್ಟೆ ಒಗೆದು, ರಾತ್ರಿ ನಾಲ್ಕು ಸಲ ಎದ್ದವಳು ನನ್ನ ಹೆಂಡತಿ. ಅವಳೂ ಚೀರಿದ್ದಾಳೆ. ಚೀರಿದ ಮೇಲೆ ಅಡಿಗೆಮನೆಯಲ್ಲಿ ಕುಳಿತು ಅತ್ತಿದ್ದಾಳೆ. ಆಗ ನಾನು ಮಾಡಿದ್ದೇನು? “ಮುದುಕಿ ಮೇಲೆ ಯಾಕ ಚೀರ್ತಿ, ಜನ ಏನಂದಾರು?” ಎಂದು ಅವಳನ್ನೇ ಗದರಿದೆ. ಪುಣೆ, ಸೊಲ್ಲಾಪುರಗಳಿಂದ ಫೋನು ಮಾಡುವ ಬಂಧುಗಳು, “ಅವ್ವಗ ಸರಿ ನೋಡ್ಕೋರಿ” ಎಂದು ಆಜ್ಞೆ ಕೊಟ್ಟರು. ಹಬ್ಬಕ್ಕೆ ಬಂದವರು ಅವ್ವನಿಗೆ ಸೀರೆ ಉಡಿಸಿ, ಫೋಟೋ ತೆಗೆಸಿಕೊಂಡು, ಮರುದಿನ ಬಸ್ಸು ಹತ್ತಿದರು. ಒಂದೇ ಒಂದು ರಾತ್ರಿ “ನೀ ಮಲಗವ್ವ, ಇವತ್ತ ನಾ ಕೂಡ್ತೀನಿ” ಎಂದವರು ನಮ್ಮ ಇಡೀ ಬಳಗದಲ್ಲಿ ಬಹುಕಾಲ ಯಾರೂ ಇರಲಿಲ್ಲ. ನಾನೂ ಇರಲಿಲ್ಲ.

ಕೊನೆಗೆ ಹಾಗೆ ಹೇಳಿದವಳು ನನ್ನ ಹೆಂಡತಿಯ ತಂಗಿ. ಹದಿನೈದು ದಿನ ಬಂದು ಇದ್ದಳು. ನನ್ನ ಹೆಂಡತಿ ಎರಡು ವರ್ಷಗಳಲ್ಲಿ ಮೊದಲ ಸಲ ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಮಾಡಿದಳು. ಐದನೆಯ ದಿನ ಸಂಜೆ ಮತ್ತೆ ಮೋಟರ್ ಸೈಕಲ್ ಸದ್ದು, ಮತ್ತೆ ಗಂಟು, ಮತ್ತೆ “ಹೊಳಿ ದಾಟಬೇಕು”. ನಾನು ಎಂದಿನಂತೆ, “ರಜಾಕಾರರು ಹೋಗಿ ಅರವತ್ತು ವರ್ಷ ಆಯ್ತು” ಎಂದು ಪಾಠ ಆರಂಭಿಸಿದೆ. ನನ್ನ ಹೆಂಡತಿ ಎದ್ದು ಹೋಗಿ ದೀಪ ಆರಿಸಿದಳು. ಕತ್ತಲಲ್ಲಿ ಅವ್ವನ ಪಕ್ಕಕ್ಕೆ ಕುಳಿತು ಕೈ ಹಿಡಿದು ಹೇಳಿದಳು: “ಅತ್ತೀ, ಹೊಳಿಗಿ ನೀರು ಭಾಳ ಬಂದದ. ಈಗ ದಾಟ್ಲಿಕ್ಕ ಆಗಲ್ಲ. ನಸುಕಿನ್ಯಾಗ ಹೋಗೋಣು. ನಾ ಇಲ್ಲೇ ಕುಂತೀನಿ, ನೀವು ಮಲ್ಕೋರಿ.” ಅವ್ವ, “ಹೂಂ, ನೀ ಇದ್ದರ ಆಯ್ತು” ಎಂದು ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿದಳು.

ಅದು ಸುಳ್ಳಲ್ಲವೇ ಎಂದು ಮೇಷ್ಟ್ರ ಬುದ್ಧಿ ಕೇಳಿತು. ಹೊಳೆಯಲ್ಲಿ ನೀರಿರಲಿಲ್ಲ, ನಿಜ. ಆದರೆ ಭಯ ಇತ್ತು, ಅದು ಸುಳ್ಳಲ್ಲ. ಅವಳು ಭಯಕ್ಕೆ ಉತ್ತರ ಕೊಟ್ಟಳು, ನಾನು ಇಸವಿಗೆ ಉತ್ತರ ಕೊಡುತ್ತಿದ್ದೆ. ಮರುದಿನ, “ನಿನಗೆ ಇದನ್ನು ಯಾರು ಕಲಿಸಿದರು?” ಎಂದು ಕೇಳಿದೆ. “ಯಾರು ಕಲಿಸಬೇಕು? ನಿದ್ದಿ ಆಗಿತ್ತು, ಸಿಟ್ಟು ಬರಲಿಲ್ಲ” ಎಂದಳು. ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಹಿರಿಯರ ಮೇಲಿನ ಈ ಹಿಂಸೆಯನ್ನು ತಡೆಯುವುದು ಮಾತೃದೇವೋಭವದ ಪ್ರವಚನದಿಂದಲ್ಲ, ನೋಡಿಕೊಳ್ಳುವವಳ ನಿದ್ದೆಯಿಂದ. ಒಬ್ಬಳ ತಲೆಯ ಮೇಲೆ ಇಡೀ ಭಾರ ಹೊರಿಸಿ, ಅವಳು ಕುಸಿದಾಗ ಅವಳನ್ನು ಪಾಪಿ ಎನ್ನುವ ಮನೆಯೇ ಮೊದಲ ಅಪರಾಧಿ.

ಕಾನೂನು ಏನು ಮಾಡುತ್ತದೆ ಎಂದು ಕೇಳುವಿರಿ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆಗಾಗಿ 2007ರ ಕಾಯ್ದೆಯಿದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ತಿಂಗಳಿಗೆ ಹತ್ತು ಸಾವಿರ ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ಬೀದಿಗೆ ಬಿಟ್ಟು ಹೋದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಆಗಬಹುದು. ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆಯಂತೂ ಮನೆಯ ಹೆಣ್ಣುಮಕ್ಕಳನ್ನು, ತಾಯಿಯನ್ನೂ ಸೇರಿಸಿ, ಅವಮಾನಿಸುವುದು, ಅಪಹಾಸ್ಯ ಮಾಡುವುದು ದೌರ್ಜನ್ಯವೆಂದು ಸ್ಪಷ್ಟವಾಗಿ ಹೇಳುತ್ತದೆ. ಒಳ್ಳೆಯದೇ. ಆದರೆ ತನ್ನ ಹೆಸರನ್ನೇ ಮರೆತ ಮುದುಕಿ ಯಾವ ಕಚೇರಿಗೆ ಹೋಗಿ ಯಾವ ಅರ್ಜಿ ಕೊಟ್ಟಾಳು? ಕಾನೂನು ರೊಟ್ಟಿ ಕೊಡಿಸಬಲ್ಲದು. ರೊಟ್ಟಿಯ ಜೊತೆಗೆ ಬರುವ ಮಾತನ್ನು ತಿದ್ದಬೇಕಾದವರು ನಾವೇ.

ಆದ್ದರಿಂದ ನನ್ನ ಬೇಡಿಕೆಗಳು ಇವು.

ಮೊದಲನೆಯದು, ಮರೆವು ಕಂಡ ಕೂಡಲೇ ವೈದ್ಯರಿಗೆ ತೋರಿಸಿ. ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಮೂತ್ರದ ಸೋಂಕು, ಕಿವಿ ಮಂದವಾಗಿರುವುದು, ಇವೂ ಹಾಗೆ ತೋರಬಹುದು ಮತ್ತು ಇವಕ್ಕೆ ಚಿಕಿತ್ಸೆಯಿದೆ. ಡಿಮೆನ್ಶಿಯಾ ಎಂದೇ ತಿಳಿದರೆ ಆ ಹೆಸರನ್ನು ಮನೆಯ ಮಕ್ಕಳಿಗೂ ಹೇಳಿ. ಕಾಯಿಲೆಯೆಂದು ತಿಳಿದ ಮಕ್ಕಳು ಅಜ್ಜಿಯನ್ನು ಬೆದರಿಸುವುದಿಲ್ಲ. ನಮ್ಮ ಮಕ್ಕಳಿಗೆ ನಾನು ಹೇಳಲೇ ಇಲ್ಲ.

ಎರಡನೆಯದು, ಪಾಳಿ ಹಚ್ಚಿ. ಹೊಲಕ್ಕೆ ನೀರು ಬಿಡಲು ಅಣ್ಣತಮ್ಮಂದಿರು ಪಾಳಿ ಹಚ್ಚುವುದು ನಮಗೆ ಗೊತ್ತು. ಆಸ್ತಿ ಪಾಲಾಗುವಾಗ ಗುಂಟೆ ಲೆಕ್ಕ ಹಾಕುವುದೂ ಗೊತ್ತು. ಅವ್ವನ ರಾತ್ರಿಗಳನ್ನೂ ಹಾಗೆಯೇ ಕಾಗದದ ಮೇಲೆ ಬರೆದು ಹಂಚಿ. ದೂರ ಇರುವವರು ತಿಂಗಳಿಗೆ ಇಂತಿಷ್ಟು ಹಣ, ವರ್ಷಕ್ಕೆ ಇಂತಿಷ್ಟು ದಿನ ಎಂದು ಒಪ್ಪಲಿ. ಗಂಡುಮಕ್ಕಳ ಹೆಸರೂ ಆ ಪಾಳಿಯಲ್ಲಿ ಇರಲಿ. ಫೋನು ಮಾಡಿದಾಗ “ಅವ್ವ ಹೆಂಗದಾಳ?” ಎಂಬುದಕ್ಕಿಂತ ಮೊದಲು “ವೈನಿ, ನೀವು ಹೆಂಗದೀರಿ? ನಿದ್ದಿ ಆಯ್ತಾ?” ಎಂದು ಕೇಳಿ. ಸಿಟ್ಟು ಬಂದಿತೆಂದು ಅವಳು ಹೇಳಿದರೆ ನ್ಯಾಯಾಧೀಶರಾಗಬೇಡಿ. ಕೈ ಮೀರುವ ಮುನ್ನ ಹತ್ತು ನಿಮಿಷ ಅಂಗಳಕ್ಕೆ ಹೋಗಿ ನಿಲ್ಲುವ ಅವಕಾಶ, ಆ ಹತ್ತು ನಿಮಿಷ ಒಳಗೆ ಕೂಡಲು ಇನ್ನೊಬ್ಬರು, ಇಷ್ಟು ಸಾಕು ಎಷ್ಟೋ ಹಿಂಸೆ ತಪ್ಪಲು.

ಮೂರನೆಯದು ಸರ್ಕಾರಕ್ಕೆ. ನೆರೆಯ ಗೋವೆಯಲ್ಲಿ ಅಲ್ಪಾವಧಿಯ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ಡಿಮೆನ್ಶಿಯಾ ಇದ್ದವರ ಮನೆಗಳಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಿ, ನೋಡಿಕೊಳ್ಳುವವರಿಗೆ ತಿಳಿಹೇಳಿ, ಅವರ ಕಷ್ಟ ಕೇಳಿದರು. 81 ಕುಟುಂಬಗಳ ಈ ಪ್ರಯೋಗದ ಫಲ 2008ರಲ್ಲಿ ಪ್ರಕಟವಾಯಿತು: ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತ್ತು. ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ನಡೆಸಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆ ದಾರಿ ತೋರಿದ ನೆಲದಲ್ಲಿ ಕರಜಗಿಯ ಒಬ್ಬ ಸೊಸೆ ಯಾರನ್ನು ಕೇಳಬೇಕೆಂದು ತಿಳಿಯದೆ ಕುಳಿತಿರುವುದು ಸರಿಯೇ? ನಮ್ಮ ಆಶಾ ಕಾರ್ಯಕರ್ತೆಯರಿಗೆ ಈ ತರಬೇತಿಯನ್ನೂ, ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಸದಸ್ಯರಾಗಿರುವ ನನ್ನ ಶಿಷ್ಯರು ಗ್ರಾಮಸಭೆಯಲ್ಲಿ ಇದನ್ನು ಕೇಳಬೇಕು. ಅಲ್ಲಿಯವರೆಗೆ ಎರಡು ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿ: ಹಿರಿಯ ನಾಗರಿಕರ ಸಹಾಯವಾಣಿ 14567, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ-ಮಾನಸ್ 14416. ಎರಡನೆಯದು ನೋಡಿಕೊಳ್ಳುವವರಿಗೂ ಹೌದು.

ಅವ್ವ 2014ರಲ್ಲಿ ತೀರಿಕೊಂಡಳು. ಕೊನೆಯ ಮೂರು ವರ್ಷ ನಾನು ಪ್ರಶ್ನೆ ಕೇಳಲಿಲ್ಲ. ವಾರದಲ್ಲಿ ಮೂರು ರಾತ್ರಿಯ ಪಾಳಿ ನನ್ನದಾಗಿತ್ತು. ಇಷ್ಟರಿಂದ ಹಿಂದಿನದು ಅಳಿಸಿಹೋಗುತ್ತದೆ ಎಂದು ನಾನು ಭಾವಿಸಿಲ್ಲ.

ಈಗ ನನಗೇ ಎಪ್ಪತ್ತು. ಇತ್ತೀಚೆಗೆ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವಾಗ ಮನೆಯವರ ಮುಖವನ್ನು ಒಮ್ಮೆ ನೋಡುತ್ತೇನೆ. ನಾಳೆ ಏನಾಗುವುದೋ ಬಲ್ಲವರಾರು? ಆದ್ದರಿಂದ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದೊಂದು ದಿನ ನೀವು ನನ್ನನ್ನು ನೋಡಲು ಬಂದಾಗ ನಾನು ನಿಮ್ಮನ್ನು ಗುರುತಿಸದಿದ್ದರೆ, “ಸರ್, ನಾ ಯಾರು ಹೇಳ್ರಿ?” ಎಂದು ಕೇಳಬೇಡಿ. ಬಾಗಿಲಲ್ಲಿ ನಿಂತು ನಿಮ್ಮ ಹೆಸರು, ನೀವು ಓದಿದ ವರ್ಷ ನೀವೇ ಹೇಳಿ ಒಳಗೆ ಬನ್ನಿ. ತರಗತಿಯಲ್ಲಿ ಹಾಜರಿ ಹೇಳಿದಂತೆ ಹೇಳಿದರೆ ಸಾಕು. ಬಂದವರು ಒಂದು ತಾಸು ನನ್ನ ಹತ್ತಿರ ಕೂಡಿ. ಆ ತಾಸು ನನ್ನ ಹೆಂಡತಿ ಮಲಗಲಿ.